ಸೀಲಿನ ನೀರು

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತುಮಕೂರಿನಲ್ಲಿ ಬಿ.ಎಸ್ಸಿ. ಓದುವಾಗ ಪರೀಕ್ಷೆಯಲ್ಲಿ ಈ ವಾಕ್ಯ ಬರೆದು ಅಂಕ ತೆಗೆದುಕೊಂಡವಳು ನಾನು. ಈಗ ಅದೇ ಊರಿನ ಪಿಯು ಕಾಲೇಜೊಂದರಲ್ಲಿ ಅದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆದಾದ ಮೇಲೆ ತರಗತಿಯ ಬಾಗಿಲು ತೆರೆದಿದೆಯೇ ಎಂದು ತಿರುಗಿ ನೋಡುತ್ತೇನೆ. ಮುಚ್ಚಿದ್ದರೆ ಹೋಗಿ ತೆಗೆಯುತ್ತೇನೆ. ಮೇಡಂಗೆ ಸೆಖೆ ಜಾಸ್ತಿ ಎಂದು ಮಕ್ಕಳು ತಮ್ಮತಮ್ಮಲ್ಲೇ ನಗುತ್ತಾರೆ.

ಕಳೆದ ವರ್ಷ ಭೂಮಿ ಬಿಸಿಯಾಗುತ್ತಿರುವ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಯಂತ್ರಗಳಿಂದ ಕೆಟ್ಟದ್ದನ್ನು ಯಂತ್ರಗಳೇ ಸರಿಮಾಡಬಲ್ಲವೇ, ಅದಕ್ಕಿನ್ನೂ ಹೊತ್ತಿದೆಯೇ ಎಂದು ಕೇಳಿದಳು. ಗಾಳಿಯಂತ್ರ, ಸೋಲಾರ್ ಎಂದು ಪುಸ್ತಕದಲ್ಲಿದ್ದದ್ದನ್ನೇ ಹೇಳಿ ಕೂರಿಸಿದೆ. ಅವಳು ಕೂತಳು, ಆದರೆ ಬರೆದುಕೊಳ್ಳಲಿಲ್ಲ. ನನಗೆ ಗೊತ್ತಿರುವ ಉತ್ತರ ಗುಬ್ಬಿಗೂ ಬೆಳ್ಳಾವಿಗೂ ನಡುವಿನ ಒಂದು ಹಟ್ಟಿಯ ತಗಡಿನ ಶೆಡ್ಡಿನಲ್ಲಿದೆ. ಅದನ್ನು ಒಂದು ಪೀರಿಯಡ್ಡಿನಲ್ಲಿ ಹೇಳುವುದು ನನ್ನಿಂದ ಆಗುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಓದು ಮುಗಿಸಿ ಕುಣಿಗಲ್ಲಿನ ಮನೆಯಲ್ಲಿ ಅರ್ಜಿಗಳನ್ನು ಬರೆಯುತ್ತ ಕೂತಿದ್ದೆ. ತುಮಕೂರಿನಲ್ಲಿ ಒಂದು ಚಿಕ್ಕ ಸಂಸ್ಥೆ ಹಳ್ಳಿಗಳಲ್ಲಿ ಸೌದೆಯಿಂದ ಕರೆಂಟು ಮಾಡುವ ಯಂತ್ರ ಹಾಕಿಸುತ್ತದೆ, ಅಲ್ಲಿ ಸೈನ್ಸ್ ಓದಿದವರು ಬೇಕು ಎಂದು ಗೊತ್ತಾಗಿ ಹೋದೆ. ಆಫೀಸು ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಕಟ್ಟಡದ ಮಾಲೀಕರಾದ ಸಾಹೇಬರು ಕೆಳಗೆ ಪಂಕ್ಚರ್ ಹಾಕುತ್ತಲೇ ನಮ್ಮನ್ನು ‘ಹೊಗೆ ಆಫೀಸಿನೋರು’ ಎಂದು ಕರೆಯುತ್ತಿದ್ದರು. ನಮ್ಮದು ಹೊಗೆ ಕಡಿಮೆ ಮಾಡುವ ಕೆಲಸ ಎಂದು ನಾನು ಒಮ್ಮೆ ವಿವರಿಸಿದೆ. ಹಾಗಾದರೆ ಮೊದಲು ಮೆಟ್ಟಿಲ ಮೇಲೆ ನಿಂತು ಬೀಡಿ ಸೇದುವ ನಿಮ್ಮ ಅಟೆಂಡರನ್ನು ನಿಲ್ಲಿಸಿ ಎಂದರು.

ಆ ಯಂತ್ರಕ್ಕೆ ಗ್ಯಾಸಿಫೈಯರ್ ಎಂದು ಹೆಸರು. ಆಳೆತ್ತರವನ್ನೂ ಮೀರಿದ ಒಂದು ಕಬ್ಬಿಣದ ಡ್ರಮ್ಮು. ಮೇಲಿನಿಂದ ನೀಲಗಿರಿಯ ಸಣ್ಣ ತುಂಡುಗಳನ್ನು ಹಾಕಬೇಕು. ಒಳಗೆ ಅವು ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದು ಗ್ಯಾಸ್ ಆಗುತ್ತವೆ. ಆ ಗ್ಯಾಸನ್ನು ತಣಿಸಿ, ಸೋಸಿ, ಎಂಜಿನ್ನಿಗೆ ಕೊಟ್ಟರೆ ಎಂಜಿನ್ ಓಡುತ್ತದೆ, ಕರೆಂಟು ಬರುತ್ತದೆ. ಗ್ಯಾಸಿನಲ್ಲಿ ಉರಿಯುವ ಅಂಶ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡು. ಅದು ಎಂಜಿನ್ನಿನೊಳಕ್ಕೆ ಹೋದರೆ ದೀಪ, ಮನುಷ್ಯರೊಳಕ್ಕೆ ಹೋದರೆ ಸಾವು. ಆದ್ದರಿಂದ ಡ್ರಮ್ಮಿನ ಮೇಲಿನ ಮುಚ್ಚಳವೂ ಕೆಳಗಿನ ಬಾಯಿಯೂ ನೀರಿನ ತೊಟ್ಟಿಯಲ್ಲಿ ಮುಳುಗಿ ಕೂತಿರುತ್ತವೆ. ಒಳಗಿನ ಗ್ಯಾಸು ಹೊರಗೆ ಬರದ ಹಾಗೆ, ಹೊರಗಿನ ಗಾಳಿ ಒಳಗೆ ಹೋಗದ ಹಾಗೆ ಆ ನೀರು ತಡೆಯುತ್ತದೆ. ಅದನ್ನು ಸೀಲು ಎನ್ನುತ್ತಿದ್ದೆವು.

ಇದನ್ನೆಲ್ಲ ನನಗೆ ಕಲಿಸಿದವರು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದ ಎಂಜಿನಿಯರ್. ಐವತ್ತು ದಾಟಿದವರು, ಶರ್ಟಿನ ಜೇಬಿನಲ್ಲಿ ಯಾವಾಗಲೂ ಒಂದು ಸೀಮೆಸುಣ್ಣ. ಶೆಡ್ಡಿನ ಸಿಮೆಂಟು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಮರ ಬರೆದು, ಡ್ರಮ್ಮು ಬರೆದು, ನಡುವೆ ಬಾಣ ಎಳೆಯುತ್ತಿದ್ದರು. ಮರ ಗಾಳಿಯಿಂದ ಕುಡಿದ ಕಾರ್ಬನ್ನನ್ನು ನಾವು ಸುಟ್ಟು ಗಾಳಿಗೇ ಬಿಡುತ್ತೇವೆ, ಅದರ ಜಾಗದಲ್ಲಿ ನೆಟ್ಟ ಮರ ಮತ್ತೆ ಅದನ್ನೇ ಕುಡಿಯುತ್ತದೆ, ಹೊಸದಾಗಿ ಒಂದು ಚೂರೂ ಸೇರುವುದಿಲ್ಲ. ಕಲ್ಲಿದ್ದಲು ಹಾಗಲ್ಲ, ನೆಲದೊಳಗೆ ಹೂತಿದ್ದನ್ನು ಅಗೆದು ಆಕಾಶಕ್ಕೆ ಹರಡಿದ ಹಾಗೆ. ‘ಊರಿಗೊಂದು ಇಂಥ ಶೆಡ್ಡಿದ್ರೆ ಸಾಕು ಕಣಮ್ಮ. ಲೋಕ ಉಳಿಸೋದು ದೊಡ್ಡ ಕೆಲಸ ಅಂತ ಅಂದ್ಕೊಂಡಿದಾರೆ ಜನ. ಇಷ್ಟೇ ಅದು’ ಎನ್ನುತ್ತಿದ್ದರು. ನಾನು ನಂಬಿದೆ. ಕುಣಿಗಲ್ ಕೆರೆಯ ಏರಿಯ ಮೇಲೆ ಓಡಾಡಿ ಬೆಳೆದವಳು ನಾನು. ಚಿಕ್ಕವಳಿದ್ದಾಗ ನೀರು ಮುಟ್ಟುತ್ತಿದ್ದ ಕಲ್ಲುಗಳು ಕಾಲೇಜಿಗೆ ಬರುವಷ್ಟರಲ್ಲಿ ಎಷ್ಟೋ ಬೇಸಿಗೆ ಒಣಗಿ ನಿಂತಿದ್ದನ್ನು ನೋಡಿದ್ದೆ. ಯಾಕೆಂದು ಯಾರೂ ಸರಿಯಾಗಿ ಹೇಳಿರಲಿಲ್ಲ. ಇವರು ನೆಲದ ಮೇಲೆ ಬಾಣ ಎಳೆದು ಕಾರಣವನ್ನೂ ತೋರಿಸಿದರು, ಪರಿಹಾರವನ್ನೂ ತೋರಿಸಿದರು. ಇಪ್ಪತ್ತೆರಡರ ವಯಸ್ಸಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಹಟ್ಟಿಗೆ ಕರೆಂಟು ಕಂಬ ಬಂದು ಎಷ್ಟೋ ವರ್ಷವಾಗಿತ್ತು, ತಂತಿ ಬಂದಿರಲಿಲ್ಲ. ಕಂಬಗಳಿಗೆ ದನ ಕಟ್ಟುತ್ತಿದ್ದರು. ನಮ್ಮ ಯಂತ್ರ ಬಂದ ಮೇಲೆ ಸಂಜೆ ಮನೆಗಳಿಗೆ ದೀಪ, ಬೆಳಿಗ್ಗೆ ಹಿಟ್ಟಿನ ಗಿರಣಿ, ನೀರಿನ ಟ್ಯಾಂಕಿಗೆ ಪಂಪು. ಅದನ್ನು ಓಡಿಸಲು ಹಟ್ಟಿಯವನೇ ಒಬ್ಬನನ್ನು ಆರಿಸಿದೆವು. ನಲವತ್ತರ ಆಸುಪಾಸಿನ ಮನುಷ್ಯ, ಹಿಂದೆ ಗುಬ್ಬಿಯಲ್ಲಿ ಡೀಸೆಲ್ ಎಂಜಿನ್ನಿನ ಹಿಟ್ಟಿನ ಗಿರಣಿ ನಡೆಸಿದವನು. ಎಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ. ಅವನ ಹೆಂಡತಿ ಸೌದೆ ಒಣಗಿಸುವುದು, ಶೆಡ್ಡು ಗುಡಿಸುವುದು ಮಾಡುತ್ತಿದ್ದಳು. ಒಬ್ಬಳೇ ಮಗಳು, ಹತ್ತನೇ ಕ್ಲಾಸು.

ಹೆಂಡತಿಯ ಬಾಯಿ ಜೋರು. ಯಂತ್ರಕ್ಕೆ ಅವಳು ಇಟ್ಟ ಹೆಸರು ಸವತಿ. ‘ನನ್ ಕೈಯಡಿಗೆ ರುಚಿ ಇಲ್ಲ ಅಂತಾನೆ ಇವ್ನು. ಇವಳ್ಗೆ ಮಾತ್ರ ಹೊತ್ತೊತ್ಗೂ ತೂಕ ಮಾಡಿ ಉಣ್ಸ್ತಾನೆ, ನೋಡಿ ಮೇಡಮ್ಮ’ ಎಂದು ನನಗೆ ದೂರು ಹೇಳುತ್ತಿದ್ದಳು. ಅವನು, ಇವಳು ನಿನ್ನ ಹಾಗೆ ಎದುರು ಮಾತಾಡಲ್ವಲ್ಲೇ ಎನ್ನುತ್ತಿದ್ದ. ಈ ಜಗಳ ನಾನು ಹೋದಾಗಲೆಲ್ಲ ಇರುತ್ತಿತ್ತು. ನನಗೋಸ್ಕರವೇ ಆಡುತ್ತಿದ್ದರೇನೋ.

ನಾನು ವಾರಕ್ಕೆರಡು ಸಲ ತುಮಕೂರಿನಿಂದ ಗುಬ್ಬಿ ಬಸ್ಸು ಹತ್ತಿ, ಅಲ್ಲಿಂದ ಸಿಕ್ಕಿದ ಟೆಂಪೋದಲ್ಲಿ ಹಟ್ಟಿಗೆ ಹೋಗುತ್ತಿದ್ದೆ. ಅವನಿಗೆ ಕಲಿಸುವುದು ನನ್ನ ಕೆಲಸ. ಯಂತ್ರ ಓಡುವಾಗ ಸೀಲಿನಲ್ಲಿ ಗುರುತಿನ ತನಕ ನೀರಿರಬೇಕು, ವಾರಕ್ಕೊಮ್ಮೆ ಕೊಳೆನೀರು ಬಿಟ್ಟು ಹೊಸದು ತುಂಬಬೇಕು ಎಂದು ಹೇಳಿಕೊಟ್ಟಿದ್ದೆ. ಭಾನುವಾರ ಯಂತ್ರಕ್ಕೆ ರಜ. ಸೋಮವಾರ ಬೆಳಿಗ್ಗೆ ಡ್ರಮ್ಮು ತಣ್ಣಗಿರುವಾಗ ಅವನು ನೀರು ಬದಲಿಸುತ್ತಿದ್ದ. ಒಮ್ಮೆಯೂ ತಪ್ಪಿಸಲಿಲ್ಲ. ಸೋಮವಾರವೇ ಏಕೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಡೀಸೆಲ್ ಎಂಜಿನ್ ಬಳಸಿದವನಿಗೆ ನಿಲ್ಲಿಸಿದ ಯಂತ್ರ ಎಂದರೆ ನಿಂತ ಯಂತ್ರ. ಈ ಡ್ರಮ್ಮಿನೊಳಗೆ, ಎಂಜಿನ್ ನಿಂತ ಮೇಲೂ ಎಷ್ಟೋ ಗಂಟೆ ಕೆಂಡ ಇರುತ್ತದೆ, ಕೆಂಡ ಇರುವ ತನಕ ಗ್ಯಾಸು ಇರುತ್ತದೆ. ಇದು ನನಗೆ ಎಷ್ಟು ಸಹಜವಾಗಿ ಗೊತ್ತಿತ್ತೆಂದರೆ, ಬೇರೆಯವರಿಗೆ ಹೇಳಬೇಕೆಂದೇ ತೋಚಿರಲಿಲ್ಲ.

ಎರಡನೇ ವರ್ಷದ ಆಯುಧಪೂಜೆಗೆ ಬರಲೇಬೇಕೆಂದು ಇಬ್ಬರೂ ಹೇಳಿದ್ದರು. ಹೋದೆ. ಪೂಜೆಯಾದ ಮೇಲೆ ಆ ದಿನವೆಲ್ಲ ಯಂತ್ರ ಮುಟ್ಟುವಂತಿಲ್ಲ. ಹಾಗಾಗಿ ಬೆಳಗಿನ ಜಾವವೇ ಶುರು ಮಾಡಿ, ಹಬ್ಬದ ಹಿಟ್ಟು ಬೀಸಿ, ಟ್ಯಾಂಕು ತುಂಬಿಸಿ, ಒಂಬತ್ತರ ಹೊತ್ತಿಗೆ ನಿಲ್ಲಿಸಿದ್ದರು. ನಾನು ತಲುಪಿದಾಗ ಇಬ್ಬರೂ ಶೆಡ್ಡು ತೊಳೆಯುತ್ತಿದ್ದರು. ಹಬ್ಬದ ಹೂವಿನ ಬುಟ್ಟಿಯನ್ನು ಅವಳು ನನ್ನ ಕೈಗೆ ಕೊಡಲು ಬಂದಳು. ನಾನು ಕೈ ಚಾಚಲಿಲ್ಲ. ಆ ದಿನ ನಾನು ಮುಟ್ಟಾಗಿದ್ದೆ.

ಹೇಳದೇ ಇರಬಹುದಿತ್ತು. ಇಂಥದ್ದನ್ನೆಲ್ಲ ನಾನು ನಂಬುತ್ತಿರಲಿಲ್ಲ, ಹಾಸ್ಟೆಲಿನಲ್ಲಿ ಇದರ ಮೇಲೆ ಜಗಳವನ್ನೂ ಆಡಿದ್ದೆ. ಆದರೆ ಅವಳು ಕಣ್ಣಿಟ್ಟು ನೋಡಿ, ಏನು ಎಂದು ಕೇಳಿದಾಗ ಸುಳ್ಳು ಹೇಳಲು ಆಗಲಿಲ್ಲ. ಅವಳು ಬೇಸರ ಮಾಡಿಕೊಳ್ಳದೆ ಬಾಗಿಲ ಹೊರಗಿನ ಕಲ್ಲನ್ನು ತೋರಿಸಿ, ‘ಇಲ್ಲೇ ಕೂತ್ಕಳಿ, ಇಲ್ಲಿಂದ್ಲೇ ನೋಡ್ಬೋದು. ಒಬ್ಬಟ್ಟು ನಿಮ್ಗೇ ಮೊದ್ಲು ಕೊಡ್ತೀನಿ ಬುಡಿ’ ಎಂದಳು. ಕೂತೆ. ಅವಮಾನವಾಯಿತು ಎಂದರೆ ದೊಡ್ಡ ಮಾತಾಗುತ್ತದೆ. ಸಣ್ಣ ಮುನಿಸು. ಈ ಯಂತ್ರವನ್ನು ಇವರಿಗೆ ಕಲಿಸಿದವಳೇ ನಾನು, ನನ್ನನ್ನೇ ಹೊರಗೆ ಕೂರಿಸಿದರಲ್ಲ ಎಂದು.

ಅವನು ಡ್ರಮ್ಮು ಒರೆಸಿ, ವಿಭೂತಿಯ ಪಟ್ಟೆ ಎಳೆದು, ಕುಂಕುಮ ಇಟ್ಟ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

‘ಏನಯ್ಯಾ, ನನ್ ಸವತಿ ಹಣೆಗೆ ಮಾತ್ರ ಕುಂಕುಮ, ಕಾಲಡಿ ಕೊಚ್ಚೆನಾ? ಹಬ್ಬದ ದಿನ ಹಳೇ ನೀರಲ್ಲಿ ನಿಲ್ಲಿಸ್ತೀಯಾ ಅವಳ್ನ?’

‘ಅದು ಸೋಮಾರ ಬುಡೋದು ಕಣೇ.’

‘ಸೋಮಾರ ನಿಂಗೆ. ಅವಳ್ಗೆ ಹಬ್ಬ ಇವತ್ತು.’

ಅವನು ನಕ್ಕು ಬಗ್ಗಿ ವಾಲ್ವು ತಿರುಗಿಸಿದ. ಮೇಲಿನ ತೊಟ್ಟಿಯದನ್ನೂ ಬಿಟ್ಟ. ಟ್ಯಾಂಕಿಗೆ ತುಂಬಿಸಿದ್ದ ನೀರು ಹಟ್ಟಿಯ ಹಬ್ಬಕ್ಕೂ ಶೆಡ್ಡು ತೊಳೆಯುವುದಕ್ಕೂ ಮುಗಿದಿತ್ತು. ಯಂತ್ರ ನಿಂತಿದ್ದರಿಂದ ಪಂಪೂ ಇಲ್ಲ. ಕೈಪಂಪಿನ ಬೋರಿನ ಹತ್ತಿರ ಹೋಗಿ ಹೊತ್ತು ತರಬೇಕು, ಅಷ್ಟರಲ್ಲಿ ರಾಹುಕಾಲ ಬರುತ್ತದೆ. ಪೂಜೆ ಮುಗಿಸಿ ಎರಡು ಕೊಡ ತಂದು ಹುಯ್ತೀನಿ ಎಂದ.

ನೀರು ಬಾಗಿಲ ಬದಿಯ ಮೋರಿಯಲ್ಲಿ ಹರಿದು ಬಂತು. ಇದ್ದಿಲ ಪುಡಿ ಕಲೆತ ಕರೀ ನೀರು. ನನ್ನ ಚಪ್ಪಲಿಗೆ ತಾಗಿತು. ಬೆಚ್ಚಗಿತ್ತು. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.

ಇಲ್ಲಿಗೆ ಬಂದು ನಾನು ಪ್ರತಿ ಸಲ ನಿಲ್ಲುತ್ತೇನೆ. ಸೀಲಿನ ನೀರು ಬೆಚ್ಚಗಿದ್ದರೆ ಡ್ರಮ್ಮಿನೊಳಗೆ ಬೆಂಕಿಯಿದೆ. ಇದನ್ನು ಯೋಚಿಸಿ ತಿಳಿಯಬೇಕಾಗಿರಲಿಲ್ಲ, ಕಾಲಿಗೇ ಗೊತ್ತಾಗಿತ್ತು. ನೀರು ತುಂಬಿ ಎಂದರೆ ಸಾಕಿತ್ತು, ಎರಡು ಪದ. ಪೂಜೆಗೆ ಅಡ್ಡ ಬಾಯಿ ಹಾಕಬಾರದು, ಹೊರಗೆ ಕೂತವಳು ಒಳಗಿನದಕ್ಕೆ ತಲೆ ಹಾಕಬಾರದು, ಇನ್ನೇನು ತುಂಬಿಸುತ್ತಾರಲ್ಲ ಎಂದೆಲ್ಲ ಅಂದುಕೊಂಡೆ. ಅದರ ಕೆಳಗೆ, ಹೊರಗೆ ಕೂರಿಸಿದ್ದಾರೆ, ಅವರೇ ನೋಡಿಕೊಳ್ಳಲಿ ಎಂಬುದೂ ಇತ್ತು.

ಗಾಳಿಗೆ ದೀಪ ಆರುತ್ತಿತ್ತು. ಅವಳು ಕಿಟಕಿಗಳನ್ನು ಹಾಕಿ, ಬಾಗಿಲನ್ನೂ ಎಳೆದುಕೊಂಡಳು, ಒಂದು ಗೇಣು ಸಂದಿ ಬಿಟ್ಟು, ನನಗೆ ಕಾಣಲಿ ಎಂದು. ಶೆಡ್ಡಿಗೆ ಒಂದು ಎಕ್ಸಾಸ್ಟ್ ಫ್ಯಾನ್ ಇತ್ತು. ಅದು ಓಡುವುದು ಆ ಯಂತ್ರದ ಕರೆಂಟಿನಲ್ಲೇ. ಆ ಯಂತ್ರವೇ ನಿಂತಿತ್ತು.

ಸಂದಿಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು. ಗಂಟೆ ಕೇಳಿಸಿತು. ಅವಳು ಯಾಕೋ ತಲೆ ಸುತ್ತುತ್ತೆ ಎಂದಳು. ಹೊಟ್ಟೇಲೇನೂ ಇಲ್ವಲ್ಲ, ಸಾಂಬ್ರಾಣಿ ಬೇರೆ, ಕೂತ್ಕೋ ಎಂದ ಅವನು. ನನಗೆ ಕೇಳಿಸಿತು. ನಾನೂ ಹಾಗೆಯೇ ಅಂದುಕೊಂಡೆ, ಉಪವಾಸ ಎಂದು. ಆಮೇಲೆ ಮಾತಿಲ್ಲ. ಕಣ್ಣು ಮುಚ್ಚಿ ಕೈ ಮುಗಿದಿದ್ದಾರೆ ಎಂದುಕೊಂಡೆ. ಕೈಯಲ್ಲಿದ್ದ ಗಂಟೆ ನೆಲಕ್ಕೆ ಬಿದ್ದ ಸದ್ದಾಯಿತು. ಎತ್ತಿಕೊಂಡ ಸದ್ದಾಗಲಿಲ್ಲ.

ಎದ್ದು ಬಾಗಿಲ ತನಕ ಹೋದೆ. ಕರೆದೆ. ಹೊಸ್ತಿಲ ಮೇಲೆ ರಂಗೋಲಿ ಇತ್ತು. ಅದರ ಮುಂದೆ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಎರಡು ಉಸಿರೋ ಹತ್ತೋ. ಇಂಥದ್ದನ್ನು ನಂಬದ ನಾನೂ ನಿಂತೆ.

ಬಾಗಿಲು ದೂಡಿದಾಗ ಅವನು ಹತ್ತಿರದಲ್ಲೇ ಗೋಡೆಗೆ ಒರಗಿ ಜಾರಿದ್ದ, ಅವಳು ಡ್ರಮ್ಮಿನ ಬುಡದಲ್ಲಿ. ಹತ್ತಿರವಿದ್ದವನ ಕೈ ಹಿಡಿದು ಎಳೆದೆ. ಭಾರವಾದ ಆಳು. ಬಾಗಿಲು ದಾಟಿಸುವಷ್ಟರಲ್ಲಿ ನನಗೂ ತಲೆ ಸುತ್ತತೊಡಗಿತ್ತು. ಉಸಿರು ಕಟ್ಟಿಕೊಂಡು ಮತ್ತೆ ಒಳಗೆ ಹೋದೆ, ಅವಳ ಸೆರಗು ಕೈಗೆ ಸಿಕ್ಕಿತು, ಅಷ್ಟೇ. ಕೂಗಿಕೊಂಡಿದ್ದೆನಂತೆ. ಮಂಗಳಾರತಿಗೆಂದು ಬರುತ್ತಿದ್ದ ಜನ ಓಡಿ ಬಂದು ಅವಳನ್ನು ಹೊರಗೆ ತಂದರು.

ಹಟ್ಟಿಯಲ್ಲಿ ಒಂದು ಟೆಂಪೋ ಇತ್ತು. ಆಗಷ್ಟೇ ಅದಕ್ಕೂ ಪೂಜೆಯಾಗಿ, ಮುಂದೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಅವತ್ತು ಓಡಿಸಬಾರದು. ಅದರ ಮಾಲೀಕ ಬಾಳೆಕಂದಿನ ಸಮೇತ ಸ್ಟಾರ್ಟ್ ಮಾಡಿದ. ಗುಬ್ಬಿಯ ದಾರಿಯುದ್ದಕ್ಕೂ ಎದುರಿಗೆ ಸಿಕ್ಕಿದವರು ಹಬ್ಬದ ಸವಾರಿ ಎಂದುಕೊಂಡು ಪಕ್ಕಕ್ಕೆ ಸರಿದು ನಗುತ್ತಿದ್ದರು.

ಅವಳ ತಲೆ ನನ್ನ ತೊಡೆಯ ಮೇಲಿತ್ತು. ಮುಖ ಕೆಂಪಗೆ, ಈಗಷ್ಟೇ ಸ್ನಾನ ಮಾಡಿದ ಹಾಗೆ ಕಳೆಕಳೆಯಾಗಿತ್ತು. ಜೊತೆಗಿದ್ದ ಹೆಂಗಸರು, ಮುಖದಲ್ಲಿ ರಕ್ತ ಆಡ್ತಾ ಇದೆ, ಜೀವಕ್ಕೇನಿಲ್ಲ ಕಣಮ್ಮ ಎಂದು ನನಗೆ ಧೈರ್ಯ ಹೇಳಿದರು. ಆ ವಿಷ ರಕ್ತಕ್ಕೆ ಸೇರಿದರೆ ಮೈ ಹಾಗೆ ಕೆಂಪಾಗುತ್ತದೆ ಎಂದು ನಾನು ಪರೀಕ್ಷೆಗೆ ಓದಿದ್ದೆ. ಅವರಿಗೆ ಹೂಂ ಎಂದೆ. ಗುಬ್ಬಿ ಮುಟ್ಟುವ ಮೊದಲೇ ಅವಳು ಹೋಗಿದ್ದಳು. ಅವನಿಗೆ ಆಕ್ಸಿಜನ್ ಕೊಟ್ಟು ತುಮಕೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹತ್ತು ದಿನದ ಮೇಲೆ ಕಣ್ಣು ಬಿಟ್ಟ. ಹೆಂಡತಿ ಎಲ್ಲಿ ಎಂದು ಕೇಳಿದನಂತೆ. ಹೇಳಿದರು. ಮಾರನೇ ದಿನ ಮತ್ತೆ ಕೇಳಿದ. ಮತ್ತೆ ಹೇಳಬೇಕಾಯಿತು.

ಹಬ್ಬದ ರಜಕ್ಕೆಂದು ಮಗಳು ಕುಣಿಗಲ್ಲಿನಲ್ಲಿ ಅಜ್ಜಿಯ ಮನೆಯಲ್ಲಿದ್ದಳು. ಬಂದಾಗ ತಾಯಿಯನ್ನು ಮಲಗಿಸಿದ್ದರು. ಅವಳು ಅತ್ತದ್ದು ನನಗೆ ನೆನಪಿಲ್ಲ. ಶೆಡ್ಡಿನ ಕಡೆ ನೋಡುತ್ತ ನಿಂತದ್ದು ನೆನಪಿದೆ.

ಹಟ್ಟಿಯವರಿಗೆ ಕಾರಣ ಬೇಗ ಸಿಕ್ಕಿತು. ಮುಟ್ಟಾದವಳು ಬಾಗಿಲಲ್ಲಿ ಕೂತಿದ್ದಳು, ಹೊಸ್ತಿಲು ದಾಟಿ ಒಳಗೂ ಹೋದಳು. ನನ್ನೆದುರಿಗೆ ಯಾರೂ ಹೇಳಲಿಲ್ಲ. ಬೋರಿನ ಹತ್ತಿರ ನಾನು ಹೋದಾಗ ಮಾತು ನಿಲ್ಲುತ್ತಿತ್ತು. ಇದು ಮೂಢನಂಬಿಕೆ, ಇದರಲ್ಲಿ ನನ್ನ ತಪ್ಪಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಬಹುದಿತ್ತು. ಹೇಳಹೊರಟರೆ, ಹಾಗಾದರೆ ಏನಾಯಿತು ಎಂದು ಕೇಳುತ್ತಿದ್ದರು. ಆಗ ನೀರಿನ ವಿಷಯ ಬರುತ್ತಿತ್ತು. ಸುಳ್ಳು ಆಪಾದನೆಯ ಮರೆಯಲ್ಲಿ ನಿಜವಾದದ್ದನ್ನು ಬಚ್ಚಿಟ್ಟುಕೊಂಡೆ. ನೋಡಿದವರು ನನ್ನನ್ನು ಸಹನೆಯ ಹುಡುಗಿ ಎಂದರು.

ಎಂಜಿನಿಯರ್ ಎರಡನೇ ದಿನ ಬಂದರು. ಶೆಡ್ಡಿನ ಬಾಗಿಲು, ಕಿಟಕಿಗಳನ್ನೆಲ್ಲ ತೆಗೆಸಿ, ಖಾಲಿ ತೊಟ್ಟಿಗಳನ್ನು ನೋಡಿ, ನೆಲದ ಮೇಲೆ ಬಹಳ ಹೊತ್ತು ಕೂತರು. ಆಮೇಲೆ ನನ್ನನ್ನು ಕರೆದು ವರದಿ ಬರೆಯಲು ಹೇಳಿದರು. ಒಂದು ಸಾವಿಗೆ ಈ ಕೆಲಸ ನಿಲ್ಲಬಾರದು, ಕಲ್ಲಿದ್ದಲಿನಿಂದ ಸತ್ತವರ ವರದಿಯನ್ನು ಯಾರೂ ಬರೆಯುವುದಿಲ್ಲ, ಅವರು ಎಲ್ಲೆಲ್ಲೋ ಒಬ್ಬೊಬ್ಬರಾಗಿ ಸಾಯುತ್ತಾರೆ ಎಂದರು. ಅವರು ಹೇಳಿದ್ದು ನಿಜ. ನಾನು ಆಫೀಸಿನಲ್ಲಿ ಕೂತು ಎರಡು ಪುಟ ಬರೆದೆ. ಆಪರೇಟರು ಸೂಚನೆಗೆ ವಿರುದ್ಧವಾಗಿ, ಯಂತ್ರ ಬಿಸಿಯಾಗಿದ್ದಾಗಲೇ ಸೀಲಿನ ನೀರನ್ನು ಖಾಲಿ ಮಾಡಿದ್ದೇ ಕಾರಣ. ಅಂಥ ಸೂಚನೆಯನ್ನು ನಾನು ಕೊಟ್ಟಿರಲೇ ಇಲ್ಲ. ಹೊರಗೆ ಕೂತು ನೋಡಿದವಳೊಬ್ಬಳಿದ್ದಳು ಎಂದು ಎಲ್ಲಿಯೂ ಬರೆಯಲಿಲ್ಲ. ಎಂಜಿನಿಯರ್ ಓದಿ, ಸ್ಪಷ್ಟವಾಗಿದೆ ಎಂದು ಸಹಿ ಹಾಕಿದರು.

ಆದರೂ ಕೆಲಸ ನಿಂತಿತು. ಹಟ್ಟಿಯವರು ಶೆಡ್ಡಿಗೆ ಬೀಗ ಹಾಕಿದರು. ಒಂದೆರಡು ವರ್ಷದಲ್ಲಿ ಕಂಬಗಳಿಗೆ ತಂತಿ ಬಂತು. ಈಗ ಅಲ್ಲಿ ಉರಿಯುವುದು ಎಲ್ಲೋ ದೂರದಲ್ಲಿ ಕಲ್ಲಿದ್ದಲು ಸುಟ್ಟು ಕಳಿಸಿದ ಕರೆಂಟು. ಯಾರ ತಲೆಯೂ ಸುತ್ತುವುದಿಲ್ಲ. ಡ್ರಮ್ಮನ್ನು ಗುಜರಿಯವರು ಕತ್ತರಿಸಿ ಒಯ್ದರೆಂದು ಕೇಳಿದೆ. ನಾನು ಎಂ.ಎಸ್ಸಿ., ಬಿ.ಎಡ್. ಮಾಡಿ ಪಾಠಕ್ಕೆ ಸೇರಿದೆ. ಎಂಜಿನಿಯರ್ ಒಮ್ಮೆ ಕಾಗದ ಬರೆದಿದ್ದರು, ಬೇರೆ ಕಡೆ ಇನ್ನೂ ಸುಧಾರಿಸಿದ ಯಂತ್ರ ಹಾಕುತ್ತಿದ್ದೇವೆ, ನೀರಿನ ಬದಲು ಬೇರೆ ಬಗೆಯ ಸೀಲು, ಬರುತ್ತೀಯಾ ಎಂದು. ಉತ್ತರ ಬರೆಯಲಿಲ್ಲ.

ಹಿಂದಿನ ಬೆಂಚಿನ ಹುಡುಗಿಗೆ ಏನು ಹೇಳಬೇಕಿತ್ತು? ಎಂಜಿನಿಯರ್ ನೆಲದ ಮೇಲೆ ಬರೆದ ಬಾಣದಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಅದನ್ನು ತಪ್ಪೆಂದು ತೋರಿಸಲು ನನ್ನಿಂದಾಗದು. ತಪ್ಪಿದ್ದರೆ ನನಗೆ ಹಗುರವಾಗುತ್ತಿತ್ತು. ಯಂತ್ರ ಎರಡು ವರ್ಷ ಹೇಳಿದ ಹಾಗೆ ನಡೆಯಿತು. ಅದರ ಪಕ್ಕದಲ್ಲಿ ಹಬ್ಬದ ದಿನವೂ, ಬೇಸರವಾದಾಗಲೂ, ಬೇಡವೆಂದು ಬಾಯಿ ಬಿಟ್ಟು ಹೇಳುವ ಒಬ್ಬರು ಬೇಕಿತ್ತು. ಆ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದವಳು ನಾನು. ಲೋಕವನ್ನು ಉಳಿಸುವ ಹೊಸ ಹೊಸ ಯಂತ್ರಗಳ ಬಗ್ಗೆ ಪೇಪರಿನಲ್ಲಿ ಓದಿದಾಗಲೆಲ್ಲ, ಅದರ ಬಾಗಿಲ ಹೊರಗೆ ಯಾರು ಕೂತಿದ್ದಾರೋ ಎಂದು ಹೆದರುತ್ತೇನೆ. ಇದನ್ನು ಹದಿನೇಳು ವರ್ಷದ ಹುಡುಗಿಗೆ ಹೇಗೆ ಹೇಳುವುದು?

ಅದೇ ವರ್ಷ ಮಕ್ಕಳನ್ನು ವಸಂತನರಸಾಪುರದ ಕಾರ್ಖಾನೆಯೊಂದನ್ನು ತೋರಿಸಲು ಕರೆದುಕೊಂಡು ಹೋದೆವು. ಗೇಟಿನಲ್ಲಿ ಹೆಸರು ಬರೆಸಿಕೊಳ್ಳುತ್ತಿದ್ದ ಸೆಕ್ಯೂರಿಟಿಯವನು ಅವನೇ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿಯಲು ತಡವಾಯಿತು. ಹಿಡಿದ ಮೇಲೆ ಎದ್ದು ನಿಂತ. ಎರಡು ಗಂಟೆಗೆ ಅವನ ಶಿಫ್ಟು ಮುಗಿಯುತ್ತಿತ್ತು. ಮಕ್ಕಳನ್ನು ಬಸ್ಸಿನಲ್ಲಿ ಸಹೋದ್ಯೋಗಿಯ ಜೊತೆ ಕಳಿಸಿ ನಾನು ಉಳಿದೆ. ಗೇಟಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು.

ಆ ದಿನದ ಬೆಳಿಗ್ಗೆ ಅವನ ತಲೆಯಲ್ಲಿ ಇರಲಿಲ್ಲ. ಅದರ ಹಿಂದಿನ ಕೆಲವು ತಿಂಗಳೂ ಹರಕುಮುರುಕು. ‘ನಾನೇ ನೀರು ಬುಟ್ಟೆ ಅಂತ ಎಲ್ರೂ ಅಂತಾರೆ ಮೇಡಂ. ಕಾಗದದಲ್ಲೂ ಅಂಗೇ ಬರ್ದವ್ರಂತೆ. ಬುಟ್ಟಿರ್ಬೋದು. ಯಾಕೆ ಬುಟ್ಟೆ ಅಂತ ಒಬ್ರೂ ಹೇಳಲ್ಲ. ಸೋಮಾರ ಅಲ್ವಲ್ಲ ಅವತ್ತು’ ಎಂದ.

ಅದನ್ನು ಹೇಳಬಲ್ಲವಳು ನಾನೊಬ್ಬಳೇ ಎಂದು ಆಗ ತಿಳಿಯಿತು. ಹೇಳಿದರೆ ಸತ್ತವಳ ಮೇಲೆ ಹಾಕಿದ ಹಾಗಾಗುತ್ತದೆಯೋ ಏನೋ ಎಂದು ಅನುಮಾನಿಸಿದೆ. ಆಮೇಲೆ ಹೇಳಿದೆ. ಕುಂಕುಮ, ಕೊಚ್ಚೆ, ಸವತಿ, ಸೋಮವಾರ, ಹಬ್ಬ, ಎಲ್ಲವನ್ನೂ ಅವಳು ಅಂದ ಹಾಗೆಯೇ.

‘ಸವತಿ ಅಂದ್ಲಾ?’

‘ಅಂದ್ರು. ಯಾವಾಗ್ಲೂ ಅಂತಿದ್ರು.’

ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಕಣ್ಣಲ್ಲಿ ನೀರಿತ್ತು. ಅದು ಅವನಿಗೆ ಮರೆತೇ ಹೋಗಿತ್ತಂತೆ. ಇನ್ನೊಂದು ಸಲ ಹೇಳಿ ಎಂದ. ಮತ್ತೆ ಮೊದಲಿನಿಂದ ಹೇಳಿದೆ. ಈ ಸಲ ವಾಲ್ವು ತಿರುಗಿಸಿದ ಕಡೆ ನಿಲ್ಲಿಸಲಿಲ್ಲ. ನೀರು ನನ್ನ ಕಾಲ ಹತ್ತಿರ ಬಂದದ್ದು, ನಾನು ಕಾಲು ತೆಗೆದುಕೊಂಡದ್ದು, ಅವಳು ತಲೆ ಸುತ್ತುತ್ತೆ ಎಂದದ್ದು, ಹೊಸ್ತಿಲ ಮುಂದೆ ನಿಂತದ್ದು, ವರದಿ ಬರೆದ ಕೈ ನನ್ನದೇ ಎಂಬುದು.

ಟೀ ಅಂಗಡಿಯವನು ಲೋಟ ತೆಗೆದುಕೊಂಡು ಹೋದ. ಆಮೇಲೆ ಇವನು ನನ್ನ ಚಪ್ಪಲಿಯ ಕಡೆ ನೋಡುತ್ತ ಕೇಳಿದ.

‘ಬೆಚ್ಚಗಿತ್ತಾ ನೀರು?’

‘ಬೆಚ್ಚಗಿತ್ತು.’

‘ಗೊತ್ತಿದ್ದೂ ಸುಮ್ಕಿದ್ರಾ?’

‘ಹೂಂ.’

ಅವನು ನನ್ನ ಮುಖ ನೋಡಲಿಲ್ಲ. ರಸ್ತೆಯಲ್ಲಿ ಕಬ್ಬಿಣ ತುಂಬಿದ ಲಾರಿಗಳು ಹೋಗುತ್ತಿದ್ದವು. ಆ ಮಿಷನ್ನು ಏನಾಯಿತು ಎಂದು ಕೇಳಿದ. ಗುಜರಿಗೆ ಹೋಯಿತು ಎಂದೆ. ಒಳ್ಳೆ ಮಿಷನ್ನು ಅದು, ಅದರದ್ದೇನೂ ತಪ್ಪಿರಲಿಲ್ಲ ಎಂದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಎದ್ದು ಟೋಪಿಯನ್ನು ಚೀಲದೊಳಗೆ ಇಟ್ಟುಕೊಳ್ಳುತ್ತ ಹೇಳಿದ. ‘ನನ್ ಮಗಳು ನನ್ ಜೊತೆ ಮಾತಾಡಲ್ಲ ಮೇಡಂ. ಅವ್ವನ್ನ ನೀನೇ ಸಾಯ್ಸಿದ್ದು ಅಂತ ಒಂದ್ಸಲ ಅಂದ್ಲು, ಅಷ್ಟೇ, ಆಮೇಲಿಂದ ಇಲ್ಲ. ಅವಳ್ಗೆ ಹೇಳಿ ಇದ್ನ. ಅವರವ್ವ ಅಂದಿದ್ದೂ ಹೇಳಿ, ನೀವು ನೋಡಿದ್ದೂ ಹೇಳಿ. ಏನೂ ಬುಡ್ಬೇಡಿ.’

ಮಗಳು ಮದುವೆಯಾಗಿ ಕುಣಿಗಲ್ಲಿನಲ್ಲೇ ಇದ್ದಳು, ನನ್ನ ತವರು ಮನೆಯಿಂದ ನಾಲ್ಕು ಬೀದಿ ಆಚೆ. ತಿಂಗಳಿಗೊಮ್ಮೆ ನಾನು ಹೋಗುವ ಊರು. ಆದರೂ ಆ ಮನೆಯ ಮುಂದೆ ನಿಲ್ಲಲು ನಾಲ್ಕು ತಿಂಗಳು ಹಿಡಿಯಿತು. ಒಂದು ಸಲ ಬೀದಿಯ ತುದಿಯ ತನಕ ಹೋಗಿ ತರಕಾರಿ ಕೊಂಡು ವಾಪಸು ಬಂದೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತಟ್ಟಿದೆ.

ಅವಳು ತಾಯಿಯ ಹಾಗೆಯೇ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತು ನನ್ನನ್ನು ನೋಡಿದಳು. ಯಾರೆಂದು ಹೇಳಿದೆ. ಒಳಗೆ ಕರೆದು ಕುರ್ಚಿ ಕೊಟ್ಟಳು. ತಾನು ಕೂರಲಿಲ್ಲ, ಅಡುಗೆಮನೆಯ ಬಾಗಿಲಿಗೆ ಒರಗಿದಳು. ನಾನು ಏನನ್ನೂ ಬಿಡದೆ ಹೇಳಿದೆ. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಷ್ಟು ವರ್ಷ ಹೊತ್ತದ್ದು ಹೇಳಿದರೆ ಇಷ್ಟೇ ಇತ್ತು.

ಒಲೆಯ ಮೇಲಿನ ಕುಕ್ಕರು ಕೂಗಿತು. ಅವಳು ಹೋಗಿ ಒಲೆ ಆರಿಸಿ ಬಂದಳು.

‘ಅಪ್ಪಂಗೆ ಗೊತ್ತಾ ಇದು?’

‘ಗೊತ್ತು. ಅವರೇ ಕಳಿಸಿದ್ದು.’

‘ಏನಂದ್ರು?’

‘ನಿಮ್ಗೆ ಹೇಳಿ ಅಂದ್ರು. ಬೇರೇನೂ ಅನ್ನಲಿಲ್ಲ.’

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ನೀವಿನ್ನು ಹೊರಡಿ ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಇನ್ನೊಂದು ನಿಮಿಷ ನನ್ನನ್ನು ನೋಡಲಾರೆ ಎನ್ನುವ ಹಾಗಿತ್ತು. ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಬಾಗಿಲು ಮುಚ್ಚಲು ಬಂದವಳು, ಅರ್ಧ ಮುಚ್ಚಿ, ಕೇಳಿದಳು.

‘ಅಪ್ಪಂಗೆ ಯಾವ ಶಿಫ್ಟು ಈಗ?’

‘ಬೆಳಗಿಂದು. ಎರಡು ಗಂಟೆಗೆ ಬಿಡ್ತಾರೆ.’

ಅವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು.